ದೂರದರ್ಶಕವಾ, ಟ್ರ್ಯಾಕರಾ? ಆಕಾಶದ ಫೋಟೋ ಶುರುಮಾಡುವವರ ಪ್ರಶ್ನೋತ್ತರ

ಪ್ರಶ್ನೆ (ಮಣಿಪಾಲ): ಸರ್, ನನ್ನಲ್ಲಿ ಎಪಿಎಸ್-ಸಿ ಸೆನ್ಸರಿನ ಡಿಎಸ್ಎಲ್ಆರ್, 18-55 ಕಿಟ್ ಲೆನ್ಸ್, 50 ಮಿ.ಮೀ. ಎಫ್/1.8 ಉಂಟು. ಆಂಡ್ರೊಮಿಡಾ, ಆಕಾಶಗಂಗೆಯ ಫೋಟೋ ತೆಗೆಯುವ ಆಸೆ. ಬಜೆಟ್ 40 ಸಾವಿರ. 650 ಮಿ.ಮೀ. ಫೋಕಲ್ ಲೆಂತಿನ 130 ಮಿ.ಮೀ. ನ್ಯೂಟೋನಿಯನ್ (ಕನ್ನಡಿ ಬಳಸುವ) ದೂರದರ್ಶಕ, ಹಗುರದ ಈಕ್ವಟೋರಿಯಲ್ ಮೌಂಟ್ (ನಕ್ಷತ್ರವನ್ನು ಹಿಂಬಾಲಿಸಿ ತಿರುಗುವ ಪೀಠ) ಸಮೇತ ಸಿಗ್ತದೆ. ತಗೊಳ್ಳಬಹುದಾ?

ಉತ್ತರ: ಕಣ್ಣಿಟ್ಟು ನೋಡಲಿಕ್ಕಾದರೆ ಧಾರಾಳ ತಗೊಳ್ಳಿ. ನಿಮ್ಮ ಫೋಟೋಗೆ ಬೇಡ. ಭೂಮಿ ತಿರುಗುವುದರಿಂದ ನಕ್ಷತ್ರ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲೊಂದು ಭಾಗ) ಸರಿಯುತ್ತದೆ. 650 ಮಿ.ಮೀ.ಗೆ 4 ಮೈಕ್ರಾನ್ ಪಿಕ್ಸೆಲ್ ಸೇರಿದರೆ ಒಂದೇ ಸೆಕೆಂಡಿಗೆ ಸುಮಾರು 12 ಪಿಕ್ಸೆಲ್ ಗೀಟು ಬೀಳುತ್ತದೆ. ಅದನ್ನು ತಡೆಯುವಷ್ಟು ನಿಖರತೆ ಹಗುರ ಮೌಂಟಿಗೆ ಇಲ್ಲ, ಡಿಎಸ್ಎಲ್ಆರ್ ಕೂರಿಸಿದರೆ ಕೊಳವೆಯೂ ಅಲುಗಾಡುತ್ತದೆ. ಇನ್ನೊಂದು ತೊಡಕು: ಕಣ್ಣಿನ ವೀಕ್ಷಣೆಗೆ ಮಾಡಿದ ಎಷ್ಟೋ ನ್ಯೂಟೋನಿಯನ್‌ಗಳಲ್ಲಿ ಕ್ಯಾಮೆರಾದ ಸೆನ್ಸರ್ ಫೋಕಸ್ ಬಿಂದುವಿಗೆ ತಲುಪುವುದೇ ಇಲ್ಲ. ಬಾರ್ಲೋ (ಫೋಕಲ್ ಲೆಂತ್ ಹೆಚ್ಚಿಸುವ ಲೆನ್ಸ್) ಹಾಕಿದರೆ ಫೋಕಸ್ ಆಗುತ್ತದೆ, ಆದರೆ ಫೋಕಲ್ ಲೆಂತ್ ದುಪ್ಪಟ್ಟಾಗಿ ಅಲುಗಾಟವೂ ದುಪ್ಪಟ್ಟು.

ನೀವು ತಗೊಳ್ಳಬೇಕಾದ್ದು ಸ್ಟಾರ್ ಟ್ರ್ಯಾಕರ್ (ನಕ್ಷತ್ರಗಳ ಜೊತೆಗೇ ಕ್ಯಾಮೆರಾವನ್ನು ನಿಧಾನಕ್ಕೆ ತಿರುಗಿಸುವ ಸಣ್ಣ ಸಾಧನ) ಮತ್ತು ಗಟ್ಟಿ ಟ್ರೈಪಾಡ್. ಲೆನ್ಸ್ ಇದ್ದದ್ದೇ ಸಾಕು. ಮುಂದೆ ಹಳೆಯ ಮ್ಯಾನುಯಲ್ 135 ಮಿ.ಮೀ. ಸಿಕ್ಕಿದರೆ ಆಂಡ್ರೊಮಿಡಾಕ್ಕೆ ಅದು ಸೊಗಸು: ಸುಮಾರು 9×6 ಡಿಗ್ರಿ ಆಕಾಶ ಸಿಗುತ್ತದೆ, ಗೆಲಾಕ್ಸಿಯ ಉದ್ದ 3 ಡಿಗ್ರಿ.

50 ಮಿ.ಮೀ.ಯನ್ನು ಎಫ್/2.8ಕ್ಕೆ ಇಳಿಸಿ, ಎಫ್/1.8ರಲ್ಲಿ ಮೂಲೆಯ ನಕ್ಷತ್ರಗಳಿಗೆ ರೆಕ್ಕೆ ಬರುತ್ತದೆ. ಐಎಸ್ಒ 800ರಿಂದ 1600, ರಾ ಫಾರ್ಮ್ಯಾಟ್, ಸ್ಟೆಬಿಲೈಸರ್ ಇದ್ದರೆ ಬಂದ್. ಫೋಕಸ್ ಅನ್ನು ಲೈವ್ ವ್ಯೂನಲ್ಲಿ ಪ್ರಕಾಶಮಾನವಾದ ನಕ್ಷತ್ರವನ್ನು 10 ಪಟ್ಟು ಹಿಗ್ಗಿಸಿ ಮಾಡಿ, ಉಂಗುರಕ್ಕೆ ಟೇಪ್ ಹಚ್ಚಿ. ಲೆನ್ಸಿನ ಮೇಲಿನ ಅನಂತದ ಗುರುತು ನಂಬಬೇಡಿ. 60 ಸೆಕೆಂಡಿನ 60 ಫ್ರೇಮ್, ಕೊನೆಗೆ ಮುಚ್ಚಳ ಹಾಕಿ ಅದೇ ಸೆಟ್ಟಿಂಗಿನಲ್ಲಿ 20 ಡಾರ್ಕ್ ಫ್ರೇಮ್ (ಸೆನ್ಸರಿನ ಗದ್ದಲ ಕಳೆಯಲಿಕ್ಕೆ); ಎಲ್ಲವನ್ನೂ ಸಿರಿಲ್‌ನಲ್ಲಿ ಸ್ಟ್ಯಾಕ್ ಮಾಡಿ (ಒಂದರ ಮೇಲೊಂದು ಸೇರಿಸಿ), ಆ ತಂತ್ರಾಂಶ ಉಚಿತ. ಮಣಿಪಾಲದ ಬೆಳಕಿನಲ್ಲಿ ಹಿಸ್ಟೋಗ್ರಾಂನ (ಫೋಟೋದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯ) ಗುಡ್ಡ ನಡುವಿಗೆ ಬಂದರೆ 20-30 ಸೆಕೆಂಡಿಗೆ ಇಳಿಸಿ, ಫ್ರೇಮ್ ಹೆಚ್ಚಿಸಿ.

ಪ್ರಶ್ನೆ (ಮಣಿಪಾಲ): ಧ್ರುವ ನಕ್ಷತ್ರ ನಮ್ಮ ಮನೆಯಿಂದ ಕಾಣುವುದೇ ಇಲ್ಲ. ಟ್ರ್ಯಾಕರ್ ಹೇಗೆ ಸೆಟ್ ಮಾಡುವುದು?

ಉತ್ತರ: ಟ್ರ್ಯಾಕರಿನ ಅಕ್ಷ ಆಕಾಶದ ಉತ್ತರ ಧ್ರುವಕ್ಕೆ ಗುರಿಯಾಗಿರಬೇಕು. ಉಡುಪಿಯ ಅಕ್ಷಾಂಶ 13 ಡಿಗ್ರಿ ಚಿಲ್ಲರೆ, ಧ್ರುವವೂ ದಿಗಂತದಿಂದ ಅಷ್ಟೇ ಎತ್ತರ. ತೆಂಗಿನ ಮರದ ತಲೆಯೋ ಕರಾವಳಿಯ ಮಬ್ಬೋ ಅದನ್ನು ಮುಚ್ಚಿಬಿಡುತ್ತದೆ. ಹೆದರಬೇಡಿ. ಅಕ್ಷದ ಕೋನವನ್ನು 13.3 ಡಿಗ್ರಿಗೆ ಇಟ್ಟು, ಉತ್ತರ ದಿಕ್ಕನ್ನು ಫೋನಿನ ದಿಕ್ಸೂಚಿಯಿಂದ ಹಿಡಿಯಿರಿ (ಟ್ರೈಪಾಡಿನಿಂದ ದೂರ ನಿಂತು, ಲೋಹದ ಹತ್ತಿರ ಫೋನ್ ತಪ್ಪು ತೋರಿಸುತ್ತದೆ). 1 ಡಿಗ್ರಿ ತಪ್ಪಿದರೂ ನಿಮಿಷಕ್ಕೆ ಹೆಚ್ಚೆಂದರೆ 16 ಆರ್ಕ್‌ಸೆಕೆಂಡ್ ಸರಿತ, 35 ಮಿ.ಮೀ. ಲೆನ್ಸಿನಲ್ಲಿ ಅದು ಒಂದು ಪಿಕ್ಸೆಲ್ಲೂ ಆಗುವುದಿಲ್ಲ. 135ರಲ್ಲಿ ಕಾಣುತ್ತದೆ, ಆಗ ಡ್ರಿಫ್ಟ್ ವಿಧಾನ (ನಕ್ಷತ್ರದ ಸರಿತ ನೋಡಿ ಅಕ್ಷ ಸರಿಪಡಿಸುವುದು) ಬೇಕು: ನಡುನೆತ್ತಿಯ ಗೆರೆಯಲ್ಲಿ (ಉತ್ತರದಿಂದ ದಕ್ಷಿಣಕ್ಕೆ ನೆತ್ತಿಯ ಮೇಲೆ ಹಾಯುವ ಗೆರೆ), ಆಕಾಶದ ವಿಷುವದ್ರೇಖೆಯ ಹತ್ತಿರದ ನಕ್ಷತ್ರ ದಕ್ಷಿಣಕ್ಕೆ ಸರಿದರೆ ಅಕ್ಷ ಪೂರ್ವಕ್ಕೆ ಜಾಸ್ತಿ ತಿರುಗಿದೆ, ಉತ್ತರಕ್ಕೆ ಸರಿದರೆ ಪಶ್ಚಿಮಕ್ಕೆ. ಬಳಿಕ ಪೂರ್ವದಲ್ಲಿ ತಗ್ಗಿನಲ್ಲಿರುವ ನಕ್ಷತ್ರ ದಕ್ಷಿಣಕ್ಕೆ ಸರಿದರೆ ಅಕ್ಷ ತಗ್ಗು, ಉತ್ತರಕ್ಕಾದರೆ ಎತ್ತರ.

ಮುಂದೆ ದೊಡ್ಡ ಮೌಂಟ್ ತಗೊಳ್ಳುವವರು ಇದನ್ನು ಕೇಳಿಯೇ ತಗೊಳ್ಳಿ: ಕೋನ 13ಕ್ಕೆ ಇಳಿಯುತ್ತದಾ? ಎಷ್ಟೋ ಮೌಂಟ್‌ಗಳಲ್ಲಿ ಈ ಕೋನಕ್ಕೆ ಕೌಂಟರ್‌ವೇಟ್ (ಸಮತೋಲನದ ಭಾರ) ಸರಳು ಟ್ರೈಪಾಡಿನ ಉತ್ತರದ ಕಾಲಿಗೆ ಬಡಿಯುತ್ತದೆ.

ಪ್ರಶ್ನೆ (ಸುರತ್ಕಲ್): ಅಪ್ಪನಿಗೆ 62 ವರ್ಷ. ಅವರಿಗೆ ಬೈನಾಕ್ಯುಲರ್ 7×50, 10×50, 20×80, ಯಾವುದು?

ಉತ್ತರ: 10×50. ವ್ಯಾಸವನ್ನು (ಎರಡನೆಯ ಅಂಕಿ, ಮಿ.ಮೀ.ನಲ್ಲಿ) ವರ್ಧನೆಯಿಂದ (ಮೊದಲ ಅಂಕಿ) ಭಾಗಿಸಿದರೆ ಹೊರಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 7×50ರಲ್ಲಿ ಅದು 7 ಮಿ.ಮೀ.; ಆ ವಯಸ್ಸಿನ ಪಾಪೆ ಸಾಮಾನ್ಯವಾಗಿ ಅಷ್ಟು ತೆರೆಯುವುದಿಲ್ಲ, ಬೆಳಕು ವ್ಯರ್ಥ. 20×80ನ್ನು ಕೈಯಲ್ಲಿ ಹಿಡಿದು ನೋಡಲಾಗದು. ಬಾಕ್-4 ಪ್ರಿಸಂ, ಫುಲ್ಲಿ ಮಲ್ಟಿಕೋಟೆಡ್ ಅಂತ ಬರೆದಿರಲಿ. ಅಂಗಡಿಯಲ್ಲಿ ಅದನ್ನು ಬೆಳಕಿನ ಕಡೆಗೆ ತಿರುಗಿಸಿ, ಒಂದು ಮೊಳ ದೂರದಿಂದ ಐಪೀಸ್ ನೋಡಿ: ಬೆಳಕಿನ ಚುಕ್ಕೆ ಪೂರ್ತಿ ದುಂಡಗೆ ಕಾಣಬೇಕು, ಅಂಚು ಕತ್ತರಿಸಿದಂತಿದ್ದರೆ ಬೇಡ. ಆಮೇಲೆ ದೂರದ ಟವರ್ ನೋಡಿ, ಕಣ್ಣು ಮುಚ್ಚಿ ತೆರೆಯಿರಿ; ಕ್ಷಣಕಾಲ ಎರಡು ಟವರ್ ಕಂಡರೆ ಹೊಂದಾಣಿಕೆ ತಪ್ಪಿದೆ.

ಪ್ರಶ್ನೆ (ಮಲ್ಪೆ): ಆಕಾಶಗಂಗೆಯ ನಡುಭಾಗಕ್ಕೆ ಬೀಚ್ ಆಗ್ತದಾ? ಉಪಕರಣಕ್ಕೆ ಉಪ್ಪು ಗಾಳಿ?

ಉತ್ತರ: ಮಳೆಗಾಲದ ಸಂಜೆಗಳಲ್ಲಿ ಅದು ಮೋಡದ ಹಿಂದೆ, ಹಾಗಾಗಿ ಮಾರ್ಚ್‌ನಲ್ಲಿ ಮುಂಜಾನೆ 3ರಿಂದ 5. ಆ ಹೊತ್ತಿಗೆ ಅದು ಆಗ್ನೇಯದಲ್ಲಿ, ಅಂದರೆ ಬೀಚಿನಿಂದ ನೋಡಿದರೆ ಹೆದ್ದಾರಿಯ ಬೆಳಕಿನ ಮೇಲೆ. ಹೆಬ್ರಿ, ಕಾರ್ಕಳದ ಕಡೆಗೆ ಹೋದರೆ ಊರಿನ ಬೆಳಕು ಪಶ್ಚಿಮಕ್ಕೆ ಉಳಿಯುತ್ತದೆ. ಬೀಚಿಗೆ ಹೋದರೆ ಬಂದ ಕೂಡಲೇ ಟ್ರೈಪಾಡಿನ ಕಾಲುಗಳನ್ನು ಸಿಹಿನೀರಿನ ಒದ್ದೆ ಬಟ್ಟೆಯಿಂದ ಒರೆಸಿ.

ಎಸಿ ಕಾರಿನಿಂದ ಇಳಿದ ಮೇಲೆ ಬ್ಯಾಗನ್ನು ಅರ್ಧ ಗಂಟೆ ಮುಚ್ಚಿಯೇ ಇಡಿ, ಇಲ್ಲವಾದರೆ ಲೆನ್ಸ್ ಮಂಜಾಗುತ್ತದೆ. ಇಬ್ಬನಿಗೆ ಪವರ್ ಬ್ಯಾಂಕಿನಿಂದ ನಡೆಯುವ ಹೀಟರ್ ಪಟ್ಟಿ ಲೆನ್ಸಿಗೆ ಸುತ್ತಿ. ಮನೆಯಲ್ಲಿ ಚರ್ಮದ ಚೀಲ ಬೇಡವೇ ಬೇಡ, ಅದರಲ್ಲೇ ಫಂಗಸ್ ಹಿಡಿಯುವುದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್ ಮತ್ತು ಸಣ್ಣ ಹೈಗ್ರೋಮೀಟರ್. ತೇವಾಂಶ ಶೇಕಡಾ 40ರಿಂದ 50ರ ನಡುವೆ ನಿಲ್ಲಲಿ.