ಮಳೆಗಾಲದಲ್ಲಿ ಪ್ರೈಮರ್ ರವೆ ರವೆ ಆಗಿದೆ, ನನ್ನ ಮೈಸೂರು ಸಿಪಾಯಿಗಳನ್ನು ಉಳಿಸುವುದು ಹೇಗೆ?

ಬೈತಖೋಲದವ (ಕಾರವಾರ)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲಿನ ಯುದ್ಧದ ಆಟಕ್ಕೆ ಪುಟ್ಟ ಸೈನಿಕ ಬೊಂಬೆಗಳಿಗೆ ಬಣ್ಣ ಹಚ್ಚುವ ಈ ಹುಚ್ಚು ಹಿಡಿದು ಎಂಟು ತಿಂಗಳಾಯಿತು ಅಷ್ಟೇ, ಪೆದ್ದು ಪ್ರಶ್ನೆ ಅನ್ನಿಸಿದರೆ ಬೈಯಬೇಡಿ.

ಟಿಪ್ಪು ಕಾಲದ ಮೈಸೂರು ಸೈನ್ಯದ ಕಾಲಾಳುಗಳು, 28 ಎಂಎಂ ಎತ್ತರದವು, ಲೋಹದವು, ಒಟ್ಟು ಇಪ್ಪತ್ನಾಲ್ಕು. ಇಂಗ್ಲೆಂಡಿನಿಂದ ತರಿಸಿದ್ದು. ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ಎಷ್ಟಾಯಿತು ಅಂತ ಮನೆಯಲ್ಲಿ ಪೂರ್ತಿ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಕಳೆದ ಭಾನುವಾರ ಮಧ್ಯಾಹ್ನ ಮಳೆ ಒಂದು ಗಂಟೆ ಬಿಡುವು ಕೊಟ್ಟಿತು. ಇದೇ ಸಮಯ ಅಂತ ಜಗುಲಿಯಲ್ಲಿ ಪೇಪರ್ ಹಾಸಿ, ಬೊಂಬೆಗಳನ್ನು ಸಾಲಾಗಿ ನಿಲ್ಲಿಸಿ, ಸ್ಪ್ರೇ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಬಣ್ಣ) ಹೊಡೆದೆ. ಒಣಗಿದ ಮೇಲೆ ನೋಡಿದರೆ ಮುಖ, ಮುಂಡಾಸು, ಬಂದೂಕು ಎಲ್ಲದರ ಮೇಲೂ ರವೆ ಮೆತ್ತಿದ ಹಾಗಾಗಿದೆ. ಇವರು ಸಿಪಾಯಿಗಳೋ ರವೆ ಹಚ್ಚಿ ಹುರಿದ ಬಂಗಡೆಯೋ ಗೊತ್ತಾಗುವುದಿಲ್ಲ. ಬೆರಳಲ್ಲಿ ಸವರಿದರೆ ಮರಳು ಕಾಗದ.

ಒಂದನೆಯದು, ಇದನ್ನು ತೆಗೆಯಬಹುದಾ, ಅಥವಾ ಹೋದದ್ದು ಹೋಯಿತು ಅಂತ ಸುಮ್ನಿರಬೇಕಾ? ಆಮೇಲೆ ಆ ಹುಲಿ ಚುಕ್ಕೆಯ ಅಂಗಿ. ಅಕ್ಕಿ ಕಾಳಿನಷ್ಟು ಅಗಲದ ಎದೆಯ ಮೇಲೆ ಅದನ್ನು ಬರೆಯುವುದು ಹೇಗೆ ಮಾರಾಯ್ರೆ? ಇನ್ನೊಂದು, ಮೈಬಣ್ಣ. ನೋಡಿದ ವಿಡಿಯೋ ಎಲ್ಲ ಬಿಳಿಯರ ಮುಖಕ್ಕೇ ಇವೆ. ನಾನು ಕಂದು ಬಣ್ಣಕ್ಕೆ ಬಿಳಿ ಸೇರಿಸಿ ಒಂದು ಹಳೇ ಬೊಂಬೆಗೆ ಹಚ್ಚಿ ನೋಡಿದೆ, ಬೂದಿ ಬಳಿದುಕೊಂಡವನ ಹಾಗೆ ಕಾಣಿಸಿತು.

ಅಟ್ಟದಮೇಲೆ (ಶಿರಸಿ)

ಗಾಬರಿ ಬೇಡ. ಲೋಹದ ಬೊಂಬೆ ತಾನೇ, ಏನೂ ಹಾಳಾಗಿಲ್ಲ.

ಮೊದಲು ಒಂದು ಮಾತು ಹೇಳಿ, ಎಷ್ಟು ದೂರದಿಂದ ಹೊಡೆದಿರಿ? ಜಗುಲಿಯಲ್ಲಿ ಗಾಳಿ ಇತ್ತಾ? ಸಾಮಾನ್ಯವಾಗಿ ರವೆ ಆಗುವುದು ಡಬ್ಬಿಯನ್ನು ತೀರಾ ದೂರ ಹಿಡಿದಾಗ. ಬಣ್ಣದ ಹನಿ ಬೊಂಬೆಗೆ ತಾಗುವ ಮೊದಲೇ ಗಾಳಿಯಲ್ಲೇ ಅರ್ಧ ಒಣಗಿ ಪುಡಿಯಾಗಿ ಕೂರುತ್ತದೆ. ಅದರ ಮೇಲೆ ನಮ್ಮ ಆಷಾಢದ ತೇವ. ಸ್ಪ್ರೇಯೊಳಗಿನ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ನೀರು ಅಲ್ಲಿ ಬಂದು ಕೂರುತ್ತದೆ. ವಾರ್ನಿಶ್ ಬೆಳ್ಳಗೆ ಮಂಜು ಹಿಡಿಯುವುದೂ ಇದೇ ಕಾರಣಕ್ಕೆ. ನೀವು ಒಂದೇ ಭಾನುವಾರದಲ್ಲಿ ಎರಡೂ ತಪ್ಪು ಮಾಡಿದ್ದೀರಿ ಅನ್ನಿಸುತ್ತದೆ, ಬೇಜಾರು ಮಾಡ್ಕೋಬೇಡಿ, ನಾನು ಮೂರು ಮಳೆಗಾಲ ಮಾಡಿದ್ದೇನೆ.

ತೆಗೆಯಲು ಡೆಟಾಲ್. ತಮಾಷೆ ಅಲ್ಲ. ಗಾಯಕ್ಕೆ ಹಚ್ಚುವ ಅದೇ ಕಂದು ಡೆಟಾಲ್, ನೀರು ಸೇರಿಸದೆ. ಗಾಜಿನ ಬಾಟಲಿಯಲ್ಲಿ ಬೊಂಬೆ ಮುಳುಗುವಷ್ಟು ಹಾಕಿ ಒಂದು ದಿನ ಬಿಡಿ. ಮರುದಿನ ಕೈಗವಸು ಹಾಕಿಕೊಂಡು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ. ಇಲ್ಲಿ ಒಂದು ಎಚ್ಚರ: ಬಣ್ಣ ಪೂರ್ತಿ ಬಿಡುವವರೆಗೆ ನೀರು ತಾಗಿಸಬೇಡಿ. ಬ್ರಷ್ಷನ್ನೂ ಡೆಟಾಲಿನಲ್ಲೇ ಅದ್ದಿ. ನೀರು ತಾಗಿತೋ, ಕರಗಿದ ಬಣ್ಣ ಹಲಸಿನ ಮೇಣ ಆಗುತ್ತದೆ, ಆಮೇಲೆ ನಿಮ್ಮ ಪಾಡು ನಾಯಿ ಪಾಡು. ಎಲ್ಲ ಬಿಟ್ಟ ಮೇಲೆ ಪಾತ್ರೆ ತೊಳೆಯುವ ಸೋಪು, ಆಮೇಲೆ ನೀರು. ರೆಸಿನ್ ಬೊಂಬೆಗೆ ಮಾತ್ರ ಇದನ್ನು ಮಾಡಲು ಹೋಗಬೇಡಿ.

ಮುಂದೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಡಬ್ಬಿ ಮುಟ್ಟಲೇಬೇಡಿ. ಬ್ರಷ್ಷಿನಲ್ಲಿ ಹಚ್ಚುವ ಪ್ರೈಮರ್ ಸಿಗುತ್ತದೆ, ವ್ಯಾಲೆಹೋ ಕಂಪನಿಯವರದ್ದು ಇದೆ, ಬೂದು ಬಣ್ಣದ್ದು ತಗೊಳ್ಳಿ. ತೆಳ್ಳಗೆ ಎರಡು ಸಲ. ಮೊದಲ ಸಲ ಹಚ್ಚಿದಾಗ ಅಲ್ಲಲ್ಲಿ ಲೋಹ ಕಾಣುತ್ತದೆ, ಕಾಣಲಿ ಬಿಡಿ. ಒಂದೇ ಸಲಕ್ಕೆ ಮುಚ್ಚಲು ಹೋದರೆ ಕಣ್ಣು ಮೂಗು ತುಂಬಿ ಹೋಗುತ್ತದೆ.

ಒಣಗಿಸಲು ನಾನು ಮಾಡುವುದು ಕೇಳಿ ನಗಬೇಡಿ. ನಮ್ಮ ಬೀದಿಯಲ್ಲಿ ಚೌತಿಗೆ ಗಣಪತಿ ಮಾಡುವವರಿದ್ದಾರೆ. ಜಡಿ ಮಳೆಯಲ್ಲೂ ಅವರ ಮಣ್ಣು ಒಣಗಲೇಬೇಕು, ಇಲ್ಲದಿದ್ದರೆ ಬಣ್ಣ ಕೂರುವುದಿಲ್ಲ. ಕಿಟಕಿ ಮುಚ್ಚಿ, ಮೂರ್ತಿಗಳ ನಡುವೆ ದೊಡ್ಡ ಬಲ್ಬು ಉರಿಸಿ ಇಡುತ್ತಾರೆ. "ಗಾಳಿಗೆ ಇಟ್ಟರೆ ಗಾಳಿಯೇ ಒದ್ದೆ, ಒಣಗಿಸುವುದು ಏನು ಬಂತು" ಅಂದರು ಒಮ್ಮೆ. ಅಂದಿನಿಂದ ನಾನೂ ರಟ್ಟಿನ ಡಬ್ಬದಲ್ಲಿ ಹಳೇ ನಮೂನೆಯ 40 ವ್ಯಾಟ್ ಬಲ್ಬು ಇಳಿಬಿಟ್ಟಿದ್ದೇನೆ, ಎಲ್‌ಇಡಿ ಅಲ್ಲ, ಅದು ಬಿಸಿ ಕೊಡುವುದಿಲ್ಲ. ಬಲ್ಬು ರಟ್ಟಿಗೆ ತಾಗಬಾರದು, ಮೇಲೆ ತೂತು ಇರಬೇಕು, ಬಿಟ್ಟು ಪೇಟೆಗೆ ಹೋಗಬಾರದು. ಪ್ಲಾಸ್ಟಿಕ್ ಬೊಂಬೆ ಆದರೆ ದೂರ ಇಡಿ, ಬಂದೂಕು ಬಗ್ಗುತ್ತದೆ. ಒಮ್ಮೆ ಅಡಿಕೆ ಅಟ್ಟದಲ್ಲೂ ಇಟ್ಟು ನೋಡಿದ್ದೆ, ಹೊಗೆ ಹಿಡಿದು ಇಡೀ ಪಡೆ ಅಡಿಕೆ ಬಣ್ಣಕ್ಕೆ ತಿರುಗಿತು.

ಶರಾವತಿ_ಕಡವು (ಹೊನ್ನಾವರ)

ಹುಲಿ ಅಂಗಿ ಬಗ್ಗೆ ನಾನು ಹೇಳುತ್ತೇನೆ, ಒಂದು ಇಡೀ ಪಲ್ಟನ್ ಮುಗಿಸಿ ಕಣ್ಣು ಕಳೆದುಕೊಂಡವನು ನಾನು.

ಮೊದಲು ಪಟ್ಟೆ ಅನ್ನುವುದನ್ನು ತಲೆಯಿಂದ ತೆಗೆಯಿರಿ. ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್ ಸೈನ್ಯದ ಜೊತೆ ಬಂದಿದ್ದ ರಾಬರ್ಟ್ ಹೋಮ್ ಅನ್ನುವ ಚಿತ್ರಕಾರ ಈ ಸಿಪಾಯಿಗಳನ್ನು ಬರೆದಿದ್ದಾನೆ. ಆ ಕಾಲದ ಇಂಗ್ಲಿಷರ ವರ್ಣನೆಯಲ್ಲಿ ಬರುವುದು ನೇರಳೆ ಬಟ್ಟೆಯ ಮೇಲೆ ವಜ್ರದ ಆಕಾರದ ಬಿಳಿ ಚುಕ್ಕೆ, ಕೆಂಪು ಮುಂಡಾಸು, ಸೊಂಟಕ್ಕೆ ಕೆಂಪು ಪಟ್ಟಿ, ಕಪ್ಪು ತೊಗಲಿನ ಅಡ್ಡಪಟ್ಟಿ. ಹುಲಿ ಅಂದ ಕೂಡಲೇ ಕೇಸರಿ ಮೇಲೆ ಕಪ್ಪು ಗೆರೆ ಎಳೆದವರನ್ನು ಬೇಕಾದಷ್ಟು ನೋಡಿದ್ದೇನೆ. ಅದು ನವರಾತ್ರಿಯ ಹುಲಿ ವೇಷ, ಸಿಪಾಯಿ ಅಲ್ಲ.

ಬರೆಯುವ ಕ್ರಮ: ನೇರಳೆ ಬಣ್ಣ ಹೆಚ್ಚಿನದೆಲ್ಲ ಪಾರದರ್ಶಕ, ತೆಳ್ಳಗೆ ಮೂರು ಕೋಟ್ ಬೇಕಾಗುತ್ತದೆ. ಆಮೇಲೆ ಮಡಿಕೆಗಳಿಗೆ ಕಡು ನೇರಳೆ ವಾಶ್ (ನೀರಾಗಿ ತೆಳ್ಳಗೆ ಮಾಡಿದ ಬಣ್ಣ) ಬಿಡಿ, ಪೂರ್ತಿ ಒಣಗಿಸಿ. ಬಿಳಿ ಅದಾದ ನಂತರವೇ. ಮೊದಲು ಚುಕ್ಕೆ ಇಟ್ಟು ಆಮೇಲೆ ವಾಶ್ ಹಾಕಿದರೆ ಚುಕ್ಕೆಯೆಲ್ಲ ಕೊಳೆ. ಹಾಲಿನಂಥ ಬಿಳಿಯೂ ಬೇಡ, ಬೆಣ್ಣೆ ಬಿಳಿ ಸಾಕು. ಮೂರು ಸೊನ್ನೆ, ನಾಲ್ಕು ಸೊನ್ನೆಯ ತೀರಾ ಸಣ್ಣ ಬ್ರಷ್ ಕೊಳ್ಳಬೇಡಿ, ಅದರಲ್ಲಿ ಬಣ್ಣ ನಿಲ್ಲುವುದೇ ಇಲ್ಲ, ಬೊಂಬೆಗೆ ತಾಗುವಷ್ಟರಲ್ಲಿ ತುದಿ ಒಣಗಿರುತ್ತದೆ. ತುದಿ ಚೂಪಾಗಿರುವ 1ನೇ ನಂಬರಿನದ್ದು ಸಾಕು. ತುದಿಯನ್ನು ಬಟ್ಟೆಗೆ ತಾಗಿಸಿ ಸ್ವಲ್ಪ ಕೆಳಗೆ ಎಳೆದು ಎತ್ತಿ, ಎಳ್ಳಿನ ಕಾಳಿನ ಹಾಗೆ ಬೀಳುತ್ತದೆ. ವಜ್ರ ಬರೆಯಲು ಹೋಗಬೇಡಿ, ಎಳ್ಳು ಬಿದ್ದರೆ ಕಣ್ಣು ಅದನ್ನೇ ವಜ್ರ ಮಾಡಿಕೊಳ್ಳುತ್ತದೆ. ಒಂದು ಸಾಲು ಇಟ್ಟ ಮೇಲೆ ಮುಂದಿನ ಸಾಲಿನ ಚುಕ್ಕೆ ಮೇಲಿನ ಎರಡರ ನಡುವೆ ಬರಲಿ, ಮಂಗಳೂರು ಹೆಂಚು ಹೊದಿಸಿದ ಹಾಗೆ. ಎದೆಗೆ ಮೂರು ನಾಲ್ಕು ಸಾಲು, ಬೆನ್ನಿಗೂ ಅಷ್ಟೇ. ಅಡ್ಡಪಟ್ಟಿಯ ಕೆಳಗೆ ಅರ್ಧ ಮುಚ್ಚಿಹೋದ ಚುಕ್ಕೆ ಒಂದೆರಡು ಇದ್ದರೆ ಬಟ್ಟೆಯೇ ಅಂತ ಅನ್ನಿಸುತ್ತದೆ. ತಪ್ಪಿದರೆ ಉಜ್ಜಬೇಡಿ, ಒಣಗಿದ ಮೇಲೆ ನೇರಳೆಯಿಂದ ತಿದ್ದಿ.

ಒಂದು ದಿನಕ್ಕೆ ನಾಲ್ಕು ಬೊಂಬೆಗಿಂತ ಜಾಸ್ತಿ ಕೂರಬೇಡಿ. ಐದನೆಯವನ ಚುಕ್ಕೆ ಸಿಡುಬು ಆಗಿರುತ್ತದೆ.

ಹಾಗೇ ಇನ್ನೊಂದು, ಇವರನ್ನು ಯಾರ ಎದುರು ಆಡಿಸುತ್ತೀರಿ? ಎಲ್ಲರೂ ಶ್ರೀರಂಗಪಟ್ಟಣವನ್ನೇ ಆಡುತ್ತಾರೆ. ನಮ್ಮೂರ ಕೋಟೆಯನ್ನು 1783ರಲ್ಲಿ ಇಂಗ್ಲಿಷರು ಹಿಡಿದರು, ಆಮೇಲೆ ಮೈಸೂರಿನವರು ಮುತ್ತಿಗೆ ಹಾಕಿ ಕೂತರು, ಟೊರಿಯಾನೋ ಅನ್ನುವ ಕ್ಯಾಪ್ಟನ್ 1784ರವರೆಗೆ ಒಳಗಿದ್ದು ತಡೆದ. ಮೇಜಿನ ಮೇಲೆ ಒಂದು ಪುಟ್ಟ ಕೋಟೆ, ಒಂದು ಕಡೆ ಹೊಳೆ, ಹಸಿದ ಸಿಪಾಯಿಗಳು. ಅರವತ್ತು ಬೊಂಬೆಯಲ್ಲಿ ಆಗುವ ಆಟ.

ಗೋಡೆಚಿತ್ರ (ಅಂಕೋಲಾ)

ನೇರಳೆ ಅಂತ ಅಷ್ಟು ಖಡಾಖಂಡಿತ ಹೇಳುವುದು ಯಾಕೆ? ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧವೇ ಇದೆಯಲ್ಲ, ಪಲ್ಲಕ್ಕಿಯಲ್ಲಿ ಇಂಗ್ಲಿಷರ ಕರ್ನಲ್ ಬೇಲಿ (Baillie) ಕೂತಿದ್ದಾನೆ, ನಾನು ಹೋದಾಗ ಒಂದು ಗಂಟೆ ನಿಂತು ನೋಡಿದ್ದೇನೆ. ಅದನ್ನು ನೋಡಿ ಬಣ್ಣ ಹಾಕಿದರೆ ಆಯಿತು. ಮತ್ತೆ ಅಷ್ಟು ದುಡ್ಡು ಕೊಟ್ಟು ಲೋಹದ್ದು ಯಾಕೆ, 1/72 ಅಳತೆಯ ಸಣ್ಣ ಪ್ಲಾಸ್ಟಿಕ್ ಬೊಂಬೆ ತಗೊಂಡಿದ್ದರೆ ಅದೇ ದುಡ್ಡಿಗೆ ಮೂರು ಪಟ್ಟು ಜನ.

ಶರಾವತಿ_ಕಡವು (ಹೊನ್ನಾವರ)

ಆ ಗೋಡೆಗೆ ಆಮೇಲೆ ಒಂದಲ್ಲ ಎರಡಲ್ಲ ಸಲ ಮತ್ತೆ ಬಣ್ಣ ಬಳಿದಿದ್ದಾರೆ ಮಾರಾಯ್ರೆ. ಯಾರು ಎಲ್ಲಿ ನಿಂತಿದ್ದರು, ಕುದುರೆ ಹೇಗೆ ಓಡುತ್ತದೆ ಅನ್ನುವುದಕ್ಕೆ ಗೋಡೆ ನೋಡಿ. ಅಂಗಿಯ ಬಣ್ಣಕ್ಕೆ ಅದನ್ನೇ ಸಾಕ್ಷಿ ಕರೆದರೆ ಕಷ್ಟ. ಬಿಸಿಲಿಗೆ ಮಾಸಿದ ನೇರಳೆ ಕಂದು ಆಗಿರಬಹುದು, ಹಾಗಾಗಿ ಇಪ್ಪತ್ನಾಲ್ಕರಲ್ಲಿ ಐದಾರು ಜನರ ಅಂಗಿ ಬೇರೆ ಛಾಯೆಯಲ್ಲಿದ್ದರೆ ನನ್ನ ತಕರಾರಿಲ್ಲ.

1/72 ಮಾತು ಒಪ್ಪುತ್ತೇನೆ, ಆದರೆ ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಬಯೋನೆಟ್ ತುದಿಯ ಬಣ್ಣ ನಾಲ್ಕು ಸಲ ಮುಟ್ಟಿದರೆ ಹಾರಿಹೋಗುತ್ತದೆ.

ಚೌಕಿಮನೆ (ಕುಮಟಾ)

ಮುಖದ ಪ್ರಶ್ನೆ ಎಲ್ಲರೂ ಬಿಟ್ಟರು, ಅಲ್ವಾ? ಎಲ್ಲರಿಗೂ ಅಂಗಿಯದ್ದೇ ಚಿಂತೆ.

ನಮ್ಮಪ್ಪ ಯಕ್ಷಗಾನ ಮೇಳದಲ್ಲಿ ವೇಷ ಮಾಡುತ್ತಿದ್ದರು, ಬಣ್ಣ ಹಚ್ಚುವ ಚೌಕಿಯಲ್ಲಿ ಕೂತು ನೋಡುತ್ತಾ ನಿದ್ದೆ ಹೋಗುತ್ತಿದ್ದವಳು ನಾನು. ಹತ್ತಿರದಿಂದ ನೋಡಿದರೆ ವೇಷದ ಮುಖ ಹೆದರಿಕೆ ಹುಟ್ಟಿಸುವಷ್ಟು ಜೋರು. ಹುಬ್ಬು ಬೆರಳಷ್ಟು ದಪ್ಪ, ಕಣ್ಣಿನ ಕಾಡಿಗೆ ಕಿವಿಯವರೆಗೆ. ಅದೇ ಮುಖ ರಂಗಸ್ಥಳದಲ್ಲಿ, ಹಿಂದಿನ ಸಾಲಿನಲ್ಲಿ ಕೂತವರಿಗೆ ಸರಿಯಾಗಿ ಕಾಣುತ್ತದೆ. ನಿಮ್ಮ ಬೊಂಬೆಯೂ ಅಷ್ಟೇ. ಅದನ್ನು ನೋಡುವುದು ಮೇಜಿನ ಆಚೆ ನಿಂತವರು, ಎರಡು ಮೂರು ಅಡಿ ದೂರದಿಂದ. ನೀವು ಭೂತಗನ್ನಡಿ ಹಿಡಿದು ನಯವಾಗಿ ಮಾಡಿದ್ದು ಅಲ್ಲಿಗೆ ತಲುಪುವುದೇ ಇಲ್ಲ. ನಿಮಗೆ "ಇದು ಜಾಸ್ತಿ ಆಯಿತು" ಅನ್ನಿಸಿದ ಮೇಲೆ ಇನ್ನೊಂದು ಚೂರು ಮುಂದೆ ಹೋಗಿ.

ಈಗ ಬಣ್ಣ. ಬಿಳಿ ಸೇರಿಸಿದರೆ ಬೂದಿ ಆಗುವುದು ಖಂಡಿತ. ಅಪ್ಪ ಮುಖಕ್ಕೆ ಬರೀ ಬಿಳಿ ಸಫೇತ ಹಚ್ಚಿದವರಲ್ಲ, ಅದಕ್ಕೆ ಹಳದಿ, ಕೆಂಪು ಕಲಸಿ ಕೈಮೇಲೆ ಹಚ್ಚಿ ನೋಡಿ ಆಮೇಲೆ ಮುಖಕ್ಕೆ. ನೀವೂ ಕಡು ಕಂದಿನಿಂದ ಶುರು ಮಾಡಿ, ಕಾಫಿ ಡಿಕಾಕ್ಷನ್ ಬಣ್ಣ. ಕಣ್ಣಿನ ಗುಳಿ, ಮೂಗಿನ ಪಕ್ಕ, ಮುಂಡಾಸಿನ ಕೆಳಗಿನ ನೆರಳು ಅದೇ ಉಳಿಯಲಿ. ಅದರ ಮೇಲೆ ಕೆಂಪು ಮಿಶ್ರಿತ ಕಂದು, ನಮ್ಮ ಚಿರೆಕಲ್ಲಿನ ಬಣ್ಣ ಇದೆಯಲ್ಲ, ಅದು. ಕೊನೆಗೆ ಅದೇ ಬಣ್ಣಕ್ಕೆ ಕಾವಿ ಹಳದಿ, ಒಂದು ತೊಟ್ಟು ಕೇಸರಿ ಸೇರಿಸಿ ಮೂಗಿನ ತುದಿ, ಕೆನ್ನೆಯ ಮೂಳೆ, ಗಲ್ಲ, ಬೆರಳ ಗೆಣ್ಣು. ಅಷ್ಟೇ ಜಾಗ. ತುಟಿಗೆ ಬೇರೆ ಬಣ್ಣ ಬೇಡ. ಮೀಸೆ ಚೆನ್ನಾಗಿ ಬಂದರೆ ಕಣ್ಣು ಕೆಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ.

ಇಪ್ಪತ್ನಾಲ್ಕು ಜನರಿಗೂ ಒಂದೇ ಮೈಬಣ್ಣ ಹಾಕಬೇಡಿ. ಒಂದು ಊರಿನ ಜನ ಬಸ್ಸಿಗೆ ಕಾಯುವಾಗ ನೋಡಿ, ಎಷ್ಟು ಬಣ್ಣ ಇರುತ್ತದೆ.

ಬೈತಖೋಲದವ (ಕಾರವಾರ)

ಮೂರು ವಾರದ ನಂತರ ಬರೆಯುತ್ತಿದ್ದೇನೆ, ತಡ ಆಯಿತು.

ಶಿರಸಿ ಅಣ್ಣ, ಡೆಟಾಲ್ ಕೆಲಸ ಮಾಡಿತು. ಎರಡು ಬೊಂಬೆಗೆ ಅವಸರದಲ್ಲಿ ನಲ್ಲಿ ನೀರು ಬಿಟ್ಟೆ, ಹಲಸಿನ ಮೇಣ ಅಂದರೆ ಏನು ಅಂತ ಗೊತ್ತಾಯಿತು. ಮತ್ತೆ ಡೆಟಾಲಿಗೆ ಹಾಕಿ ತೆಗೆದೆ. ಮನೆಯೆಲ್ಲ ಆಸ್ಪತ್ರೆ ವಾಸನೆ, ಪಕ್ಕದ ಮನೆಯ ಆಯಿ ಬಂದು "ಯಾರಿಗೆ ಹುಷಾರಿಲ್ಲ?" ಅಂತ ಕೇಳಿದರು. ಇಪ್ಪತ್ನಾಲ್ಕು ಜನ ಸಿಪಾಯಿಗಳಿಗೆ ಅಂತ ಹೇಳಲಿಲ್ಲ.

ಚೌಕಿಮನೆ ಅಕ್ಕ, ಮೊದಲನೆಯವನ ಮುಖ ನಿಮ್ಮ ಲೆಕ್ಕದಲ್ಲೇ ಮಾಡಿದೆ. ಕೈಯಲ್ಲಿ ಹಿಡಿದು ನೋಡಿದಾಗ ಕೆನ್ನೆಗೆ ಕಾವಿ ಮೆತ್ತಿದ ಹಾಗಿತ್ತು, ಕೆಟ್ಟಿತು ಅಂದುಕೊಂಡೆ. ಟಿವಿ ಮೇಲೆ ಇಟ್ಟು ಊಟಕ್ಕೆ ಕೂತೆ. ಅಲ್ಲಿಂದ ತಲೆ ಎತ್ತಿ ನೋಡಿದರೆ ಆಸಾಮಿ ನನ್ನನ್ನೇ ನೋಡುತ್ತಿದ್ದಾನೆ. ಹೆಂಡತಿಯೂ ನೋಡಿದಳು, "ಇವನು ಯಾರೋ ಗೊತ್ತಿದ್ದವನ ಹಾಗೆ ಇದ್ದಾನೆ" ಅಂದಳು.

ಎಳ್ಳು ಚುಕ್ಕೆ ಏಳು ಜನರಿಗೆ ಆಗಿದೆ. ನಾಲ್ಕಕ್ಕೆ ನಿಲ್ಲಿಸಿ ಅಂದದ್ದು ಕೇಳಲಿಲ್ಲ, ಐದನೆಯವನಿಗೆ ಸಿಡುಬೇ ಬಂತು, ಅವನನ್ನು ಹಿಂದಿನ ಸಾಲಿಗೆ ಹಾಕುತ್ತೇನೆ.

ಬೊಂಬೆ ನಿಲ್ಲುವ ಬೇಸ್‌ಗೆ (ಅಡಿಯ ಪೀಠಕ್ಕೆ) ಮಾತ್ರ ನಾನೇ ಕಂಡುಕೊಂಡದ್ದು ಒಂದಿದೆ. ಮಾಜಾಳಿ ಹತ್ತಿರ ತಿಳಮಾತಿಯಲ್ಲಿ ಕಪ್ಪು ಮರಳು ಇದೆಯಲ್ಲ, ಎಳ್ಳು ಚೆಲ್ಲಿದ ಹಾಗಿರುವುದು, ಹಿಂದೆ ಹೋದಾಗ ಒಂದು ಮುಷ್ಟಿ ತಂದಿಟ್ಟಿದ್ದೆ. ಫೆವಿಕಾಲ್ ಹಚ್ಚಿ ಅದನ್ನು ಉದುರಿಸಿ, ಮೇಲೆ ಚಿರೆಕಲ್ಲಿನ ಪುಡಿ, ಹುಲ್ಲಿಗೆ ತೆಂಗಿನ ನಾರು. ಮೊದಲ ಸಲ ಮರಳು ತೊಳೆಯದೆ ಹಾಕಿದೆ. ಉಪ್ಪು ತೇವ ಎಳೆದು ಬೇಸು ನಾಲ್ಕು ದಿನವಾದರೂ ಬೆವರುತ್ತಲೇ ಇತ್ತು. ಎರಡು ಮೂರು ನೀರಿನಲ್ಲಿ ತೊಳೆದು, ಬಾಣಲೆಯಲ್ಲಿ ಹುರಿದು ಹಾಕಿದ ಮೇಲೆ ಸರಿಯಾಯಿತು. ಬಾಣಲೆ ವಿಷಯ ಮನೆಯಲ್ಲಿ ಗೊತ್ತಿಲ್ಲ.

ಹೊನ್ನಾವರದವರೇ, ಮುತ್ತಿಗೆ ಆಟಕ್ಕೆ ನಾನು ತಯಾರು. ಚೌತಿ ಮುಗಿಯಲಿ. ಕೋಟೆ ನಿಮ್ಮದು, ನಾನು ರಾಕೆಟ್ಟಿನವರನ್ನು ತರುತ್ತೇನೆ. ಕಬ್ಬಿಣದ ಕೊಳವೆಗೆ ಬಿದಿರು ಕಟ್ಟಿದ್ದು ಅಂತ ಗೊತ್ತು. ಶಿವಮೊಗ್ಗ ಜಿಲ್ಲೆಯ ನಗರ (ಬಿದನೂರು) ಅನ್ನುವ ಊರಿನ ಹಳೇ ಬಾವಿಯಲ್ಲಿ 2018ರಲ್ಲಿ ಸಾವಿರಕ್ಕೂ ಜಾಸ್ತಿ ಸಿಕ್ಕಿದ್ದವಲ್ಲ, ಅವುಗಳ ಫೋಟೋ ನೋಡಿ ತುಕ್ಕು ಬಣ್ಣ ಹಾಕಲು ಹೊರಟಿದ್ದೆ.

ಶರಾವತಿ_ಕಡವು (ಹೊನ್ನಾವರ)

ತುಕ್ಕು ಬೇಡ! ಅವು ಇನ್ನೂರು ವರ್ಷ ಕೆಸರಿನಲ್ಲಿ ಇದ್ದವು. ನಿಮ್ಮವು ಇನ್ನೂ ಹಾರಬೇಕು. ಕಪ್ಪು ಕಬ್ಬಿಣ, ಅಂಚಿಗೆ ಸ್ವಲ್ಪ ಬೆಳ್ಳಿ, ಬಿದಿರು ಹಸಿಯಾಗಿರಲಿ. ಕೋಟೆಗೆ ಥರ್ಮಾಕೋಲ್ ಕೊಯ್ಯಲು ಇವತ್ತೇ ಶುರು ಮಾಡುತ್ತೇನೆ.