ಅಪ್‌ಡೇಟ್: ‘ನನಗೆ ಹುಚ್ಚಿಲ್ಲ’ ಎನ್ನುವ ಕೊಲೆಗಾರ

ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ ಅವರ ‘ದಿ ಟೆಲ್-ಟೇಲ್ ಹಾರ್ಟ್’ (1843) ಕಥೆಯ ನಿರೂಪಕ ಒಬ್ಬ ಮುದುಕನನ್ನು ಅವನ ಕಣ್ಣಿಗೆ ಹೆದರಿ ಕೊಂದೂ ‘ನನಗೆ ಹುಚ್ಚಿಲ್ಲ’ ಎಂದು ಸಾಧಿಸುವುದನ್ನು ಕಾಸರಗೋಡಿನ ನಮ್ಮ ಓದುಕೂಟದಲ್ಲಿ ಹೇಗೆ ಬಿಡಿಸಿ ಹೇಳಲಿ ಅಂತ ಕಳೆದ ವಾರ ಕೇಳಿದ್ದೆ.

ಮುದುಕನ ಕಣ್ಣನ್ನು ನಮ್ಮ ಕಡೆಯ ‘ದೃಷ್ಟಿ ತಾಗುವುದ’ಕ್ಕೆ ಹೋಲಿಸಿ ಎಂಬ ಸಲಹೆ ಅರ್ಧಕ್ಕೇ ನಿಂತಿತು. ಮುದುಕ ಕೆಡುಕು ಮಾಡಿಲ್ಲ, ಅವನ ಮೇಲೆ ಪ್ರೀತಿಯೇ ಇತ್ತು ಎಂದು ಕೊಂದವನೇ ಹೇಳುತ್ತಾನಲ್ಲ!

ಕೆಲಸಕ್ಕೆ ಬಂದದ್ದು ಬದಿಯಡ್ಕದ ಮಾಷ್ಟ್ರು ಕೊಟ್ಟ ಉಪಾಯ: ನಿರಾಕರಣೆಯ ಪ್ರತಿ ವಾಕ್ಯಕ್ಕೂ ಪೆನ್ಸಿಲಿನಲ್ಲಿ ಗೆರೆ ಎಳೆದು, ಬೆನ್ನಿಗೇ ಬರುವ ‘ಸಾಕ್ಷಿ’ಯನ್ನು ಅಂಚಿನಲ್ಲಿ ಬರೆಯುವುದು. ಹೆಚ್ಚಿನ ಸಾಕ್ಷಿಯೆಲ್ಲ ಕೆಲಸದ ನಾಜೂಕಿನದ್ದೇ. ಏಳು ರಾತ್ರಿ ಇಣುಕಿದ್ದು, ಬಾಗಿಲ ಸಂದಿಯಲ್ಲಿ ತಲೆ ತೂರಿಸಲು ಒಂದು ಗಂಟೆ, ಹೆಣ ಅಡಗಿಸಲು ಕಿತ್ತ ಮೂರು ಹಲಗೆ. ‘ಹೇಗೆ’ ಎಂಬುದು ಧಾರಾಳ. ‘ಯಾಕೆ’ ಎಂದರೆ ಕಣ್ಣು ಅಂತ ಜಾರಿಕೊಳ್ಳುತ್ತಾನೆ.

ಬೆರಗಾದದ್ದು ಬೇರೆಯದಕ್ಕೆ. ಕೊಲೆಗಾರನಿಗೆ ಕೇಳಿಸುವ ಮುದುಕನ ಎದೆಬಡಿತ ಎಂದರೆ ಪಾಪಪ್ರಜ್ಞೆ ಎಂದೇ ಬರೆದಿಟ್ಟಿದ್ದೆ. ಆದರೆ ಹತ್ತಿಯಲ್ಲಿ ಸುತ್ತಿದ ಗಡಿಯಾರದಂಥ ಆ ಸದ್ದು ಕೊಲೆಗೆ ಮೊದಲೇ ಕೇಳಿಸುತ್ತದೆ. ಪೊಲೀಸರೆದುರು ಮತ್ತೆ ಅದೇ ಹೋಲಿಕೆ. ಹಾಗಾಗಿ ಅದು ಬರೀ ಪಶ್ಚಾತ್ತಾಪವಲ್ಲ, ನಿರೂಪಕನದೇ ಭಯ. ಮುದುಕನಂಥದೇ ನರಳಿಕೆ ನಡುರಾತ್ರಿ ತನ್ನೆದೆಯಿಂದಲೂ ಎದ್ದದ್ದುಂಟು ಎಂದು ಬಾಯಿಬಿಡುವ ಸಾಲನ್ನು ಇದರ ಪಕ್ಕಕ್ಕಿಟ್ಟು ಓದಿ.