ಪಣಜಿಯ ಫೊಂಟೈನ್ಹಾಸ್‌ಗೆ ಮನಸೋತಿದ್ದೀನಿ, ಮತ್ತೆ ಯಾವಾಗ ಹೋಗ್ಲಿ?

ಮಡಿಕೇರಿಯಿಂದ:
ಗೋವಾ ಟ್ರಿಪ್ಪಲ್ಲಿ ಪಣಜಿಯ ಹಳೇ ಪೋರ್ಚುಗೀಸ್ ಬಡಾವಣೆ ಫೊಂಟೈನ್ಹಾಸ್ ಬೀದಿಗಳು ನೋಡ್ದೆ, ಹಳದಿ ಗೋಡೆ, ಪಕ್ಕದಲ್ಲೇ ಕಡುನೀಲಿ, ಕೆಂಪು ಹೆಂಚು, ಕೆಲವು ಕಿಟಕಿಗೆ ಗಾಜಿನ ಬದ್ಲು ತೆಳ್ಳನೆ ಚಿಪ್ಪು ಕೂರ್ಸಿದ್ದಾರೆ, ಬಿಟ್ಟು ಬರೋಕೆ ಮನಸ್ಸೇ ಆಗ್ಲಿಲ್ಲ. ನಮ್ಮಲ್ಲಿ ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ಗೋಡೆಯೆಲ್ಲಾ ಪಾಚಿ, ಅಲ್ಲೂ ಜೋರು ಮಳೆನೇ, ಆದ್ರೂ ಬಣ್ಣ ಹೇಗೆ ಉಳಿಯುತ್ತೆ? ಮತ್ತೆ ಹೋಗೋಕೆ ಯಾವ ತಿಂಗಳು ಒಳ್ಳೇದು?

ವಿರಾಜಪೇಟೆಯಿಂದ:
ಉಳಿಯಲ್ಲ ಅಕ್ಕ, ಮತ್ತೆ ಮತ್ತೆ ಹೊಡೀತಾರೆ! ಪೋರ್ಚುಗೀಸರ ಕಾಲದಿಂದ್ಲೂ ಮಳೆಗಾಲ ಮುಗಿದ್ಮೇಲೆ ಮನೆಗೆ ಬಣ್ಣ ಮಾಡೋ ರೂಢಿ, ಪೂರ್ತಿ ಬಿಳಿ ಚರ್ಚಿಗೆ ಮಾತ್ರ. 1961ರಲ್ಲಿ ಅವ್ರ ಆಳ್ವಿಕೆ ಮುಗೀತು, ರೂಢಿ ಹೋಗ್ಲಿಲ್ಲ. ನವೆಂಬರ್ ಕೊನೆಗೆ ಹೋಗಿ. ಸೇಂಟ್ ಸೆಬಾಸ್ಟಿಯನ್ ಚಾಪೆಲ್ ಖಂಡಿತ ನೋಡಿ, ಅಲ್ಲಿನ ಶಿಲುಬೆಯಲ್ಲಿ ಯೇಸುವಿನ ಕಣ್ಣು ತೆರೆದಿವೆ, ನಂಗಂತೂ ಮೈ ಜುಂ ಅಂತು.

ಸೋಮವಾರಪೇಟೆಯಿಂದ:
ಬೆಳಿಗ್ಗೆ ಬೇಗ ಹೋಗಿ, ಜನ ಕಡಿಮೆ. ಅವೆಲ್ಲ ಜನ ವಾಸ ಇರೋ ಮನೆಗಳು, ಕೇಳದೆ ಮೆಟ್ಟಿಲ ಮೇಲೆ ಕೂತು ಫೋಟೋ ತೆಗೀಬೇಡಿ, ನಮ್ಮ ಐನ್‌ಮನೆ (ಕುಟುಂಬದ ಹಿರೀಕರ ಮನೆ) ಜಗಲಿಗೆ ಯಾರೋ ಬಂದು ಪೋಸ್ ಕೊಟ್ರೆ ನಮಗೂ ಬೇಜಾರಾಗಲ್ವಾ? ಕದಂಬ ಬಸ್ ಸ್ಟ್ಯಾಂಡಿಂದ ನಡ್ಕೊಂಡೇ ಹೋಗ್ಬಹುದು.